ಬಾಯಿಗೆ ಹಿತ, ಉಸಿರಿಗೆ ಅಹಿತ

ಬೆಣ್ಣೆಯ ಪರಿಮಳವೂ ದಾಲಚಿನ್ನಿಯ ಸುವಾಸನೆಯೂ ನಮ್ಮ ಅಡಿಗೆಮನೆಗಳಿಗೆ ಹೊಸವಲ್ಲ. ಆದರೆ ಅನ್ನದ ಮಾರ್ಗ ಬೇರೆ, ಉಸಿರಿನ ಮಾರ್ಗ ಬೇರೆ. ಜಠರವು ಅರಗಿಸಿಕೊಳ್ಳುವುದೆಲ್ಲವನ್ನೂ ಶ್ವಾಸಕೋಶವು ತಾಳಲಾರದು. ಈ ಭೇದವನ್ನು ಮರೆತವರೇ ಇ-ಸಿಗರೇಟನ್ನು ‘ಬರಿಯ ಆವಿ’ಯೆಂದು ನಂಬುವರು.

ಈ ಯಂತ್ರದಲ್ಲಿ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವಗಳು ಬ್ಯಾಟರಿಯ ಶಾಖದಿಂದ ಕಾದು ಸೂಕ್ಷ್ಮ ಹನಿಗಳಾಗುತ್ತವೆ. ಅವುಗಳೊಡನೆ ಸಾಮಾನ್ಯವಾಗಿ ನಿಕೊಟಿನ್ನೂ, ಬಗೆಬಗೆಯ ಪರಿಮಳದ್ರವ್ಯಗಳೂ ಒಳಸೇರುತ್ತವೆ.

ನಮ್ಮ ಶ್ವಾಸನಾಳದ ಒಳಮೈಯ ಜೀವಕೋಶಗಳ ಮೇಲೆ ಕಣ್ಣಿಗೆ ಕಾಣದ ರೋಮಗಳುಂಟು. ಜಗಳೂರಿನ ಬಯಲಿನ ಧೂಳು, ಹೊನ್ನಾಳಿ ನ್ಯಾಮತಿಗಳ ಕಣದ ಹೊಟ್ಟು, ಚನ್ನಗಿರಿಯಲ್ಲಿ ಅಡಿಕೆ ಬೇಯಿಸುವ ಒಲೆಯ ಹೊಗೆ, ಇವು ಉಸಿರಿನೊಡನೆ ಒಳಹೊಕ್ಕರೆ ಬಹುಪಾಲು ಕಫದ ಪೊರೆಗೆ ಅಂಟಿಕೊಳ್ಳುವುವು. ಆ ಕಫವನ್ನು ಹಗಲಿರುಳೂ ಗಂಟಲಿನತ್ತ ತಳ್ಳುವುದು ಈ ರೋಮಗಳ ಕೆಲಸ. ಅವು ಸೋತರೆ ಕಸವು ಒಳಗೇ ಉಳಿಯುವುದು.

ದಾಲಚಿನ್ನಿಯ ವಾಸನೆಗೆ ಕಾರಣವಾದ ಸಿನಮಾಲ್ಡಿಹೈಡ್ ಮಾನವ ಶ್ವಾಸನಾಳದ ಕೋಶಗಳ ಶಕ್ತಿಯನ್ನು ಕುಂದಿಸಿ, ರೋಮಗಳ ಚಲನೆಯನ್ನು ತಾತ್ಕಾಲಿಕವಾಗಿ ತಗ್ಗಿಸಿತೆಂದು ಅಮೆರಿಕದ ಸಂಶೋಧಕರು 2019ರಲ್ಲಿ ಪ್ರಕಟಿಸಿದರು. ಬೆಣ್ಣೆಯ ಪರಿಮಳವೀಯುವ ಡೈಯಸಿಟೈಲ್ ವಿಚಾರ ಇನ್ನೂ ಹಳೆಯದು. 2000ದಲ್ಲಿ ಮಿಸೌರಿ ಪ್ರಾಂತದ ಜೋಳದರಳಿನ ಕಾರ್ಖಾನೆಯೊಂದರ ಕೆಲಸಗಾರರಲ್ಲಿ ಕಿರುಶ್ವಾಸನಾಳಗಳು ಮುಚ್ಚಿಹೋಗುವ ವ್ಯಾಧಿ ಬೆಳಕಿಗೆ ಬಂದಿತು. ಆ ಪರಿಮಳದ ಆವಿಯೇ ಕಾರಣವೆಂದು ಪರೀಕ್ಷಕರು ಶಂಕಿಸಿದರು. 2015ರಲ್ಲಿ ಹಾರ್ವರ್ಡಿನ ತಜ್ಞರು 51 ಪರಿಮಳದ್ರವಗಳನ್ನು ಪರೀಕ್ಷಿಸಲು, 39ರಲ್ಲಿ ಅದೇ ವಸ್ತು ದೊರೆಯಿತು. ಗಾಜಿನ ಪಾತ್ರೆಯ ಕೋಶವೇ ಮನುಷ್ಯನಲ್ಲ. ಕಾರ್ಖಾನೆಯ ಆವಿಯ ಪ್ರಮಾಣವೂ ಬೇರೆ. ಆದರೂ ಎಚ್ಚರಿಕೆಗೆ ಇಷ್ಟು ಸಾಲದೆ?

2019ರಲ್ಲಿ ಅಮೆರಿಕದಲ್ಲಿ ಅನೇಕರು ಇಂಥ ಯಂತ್ರಗಳಿಂದ ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದರು. 2020ರ ಫೆಬ್ರವರಿಯವರೆಗೆ 2,807 ಮಂದಿ ರೋಗಿಗಳು, 68 ಮರಣಗಳು ಲೆಕ್ಕಕ್ಕೆ ಬಂದುವು. ಹೆಚ್ಚಿನವರು ಗಾಂಜಾಸಾರದ ದ್ರವವನ್ನು ಸೇದಿದ್ದರು. ಅದಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಮುಖ್ಯ ಅಪರಾಧಿಯಾಗಿ ತೋರಿತು. ಚರ್ಮಕ್ಕೆ ಲೇಪಿಸಿದರೆ ಸಾಮಾನ್ಯವಾಗಿ ಕೇಡು ಮಾಡದ ವಸ್ತುವು ಉಸಿರಿಗೆ ವಿಷವಾಯಿತು!

ಕರ್ನಾಟಕವು 2016ರಲ್ಲಿಯೂ, ಭಾರತ ಸರಕಾರವು 2019ರ ಶಾಸನದಿಂದಲೂ ಇದರ ಮಾರಾಟವನ್ನು ನಿಷೇಧಿಸಿವೆ. ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ವಿಧಿಸಬಹುದು.

ಆದರೆ ಶಾಸನವು ಮನೆಯೊಳಗಿನ ಕಾವಲಾಗದು. ನಮ್ಮ ತಾಲ್ಲೂಕುಗಳ ಮಕ್ಕಳು ಓದಿಗಾಗಿ ದೂರದ ಊರುಗಳಲ್ಲಿರುವರು. ಈ ಯಂತ್ರವೋ ಲೇಖನಿಯಂತೆ ಜೇಬಿನಲ್ಲಿ ಅಡಗುವುದು. ತಂದೆತಾಯಿಗಳು ಗದರಿಸುವುದಕ್ಕೆ ಮೊದಲು ಆ ರೋಮಗಳ ಕೆಲಸವನ್ನು ಮಕ್ಕಳಿಗೆ ತಿಳಿಯಹೇಳಲಿ. ಚಟಕ್ಕೆ ಸಿಕ್ಕಿದವರನ್ನು ಹಳಿಯದೆ ವೈದ್ಯರ ಬಳಿಗೆ ಕರೆದೊಯ್ಯಲಿ. ಕಾರಣವರಿತು ಬಿಟ್ಟ ಚಟವು ಅಂಜಿಕೆಯಿಂದ ಬಿಟ್ಟದ್ದಕ್ಕಿಂತ ದೂರ ಹೋಗುವುದೆಂದು ನಾವು ನಂಬುತ್ತೇವೆ.