ಮಹಾನಗರದ ಪ್ರಯಾಣ ಮತ್ತು ವ್ಯಾಪಾರ ವೆಚ್ಚದಲ್ಲಿ ತೂಕ-ಅಳತೆಯ ಪಾತ್ರ

(ಸಾರ್ವಜನಿಕರು, ವರ್ತಕರು ಹಾಗೂ ಆಟೋರಿಕ್ಷಾ ಮಾಲೀಕರ ಮಾಹಿತಿಗಾಗಿ)

ಬೆಂಗಳೂರಿನಂತಹ ಮಹಾನಗರದಲ್ಲಿ ಕುಟುಂಬವೊಂದರ ದೈನಂದಿನ ವೆಚ್ಚದ ಬಹುಪಾಲು ಯಾವುದಾದರೊಂದು ಅಳತೆಯ ಮೂಲಕವೇ ನಿರ್ಧಾರವಾಗುತ್ತದೆ. ತರಕಾರಿಯನ್ನು ತಕ್ಕಡಿಯೂ, ಇಂಧನವನ್ನು ಪಂಪೂ, ಪ್ರಯಾಣವನ್ನು ಮೀಟರೂ ಅಳೆಯುತ್ತವೆ. ದರ ಎಷ್ಟೇ ನ್ಯಾಯಯುತವಾಗಿದ್ದರೂ ಅಳತೆ ತಪ್ಪಿದಲ್ಲಿ ಗ್ರಾಹಕರಿಗೆ ನಷ್ಟ ತಪ್ಪದು. ಉದಾಹರಣೆಗೆ, ಕಿಲೋಗೆ 60 ರೂ. ಬೆಲೆಯ ತರಕಾರಿಯಲ್ಲಿ 50 ಗ್ರಾಂ ಕಡಿಮೆಯಾದರೆ ನಷ್ಟ 3 ರೂ. ಮಾತ್ರ. ವಾರಕ್ಕೆ 10 ಕಿಲೋ ಕೊಳ್ಳುವ ಕುಟುಂಬಕ್ಕೆ ಇದು ವರ್ಷಕ್ಕೆ 1,560 ರೂ. ಆಗುತ್ತದೆ.

ಅನ್ವಯವಾಗುವ ಕಾನೂನು

ಕಾನೂನು ಮಾಪನಶಾಸ್ತ್ರ ಅಧಿನಿಯಮ, 2009 ದಿನಾಂಕ 1-4-2011 ರಿಂದ ಜಾರಿಯಲ್ಲಿದೆ. ವ್ಯಾಪಾರದಲ್ಲಿ ಬಳಸುವ ಪ್ರತಿಯೊಂದು ತೂಕ ಮತ್ತು ಅಳತೆ ಸಾಧನವನ್ನು ಸತ್ಯಾಪನೆ ಮಾಡಿಸಿ ಮುದ್ರೆ ಹಾಕಿಸುವುದು ಕಡ್ಡಾಯ. ಕಬ್ಬಿಣದ ತೂಕದ ಬಟ್ಟು ಹಾಗೂ ಸಾದಾ ತಕ್ಕಡಿಗಳಿಗೆ ಈ ಅವಧಿ 24 ತಿಂಗಳು. ಎಲೆಕ್ಟ್ರಾನಿಕ್ ತಕ್ಕಡಿ, ಆಟೋರಿಕ್ಷಾ ಮೀಟರ್ ಮತ್ತು ಪೆಟ್ರೋಲ್ ಪಂಪ್‌ಗಳಿಗೆ 12 ತಿಂಗಳು. ದುರಸ್ತಿಯನ್ನು ಪರವಾನಗಿ ಹೊಂದಿದ ದುರಸ್ತಿದಾರರಿಂದಲೇ ಮಾಡಿಸಬೇಕು. ಮುದ್ರೆ ಒಡೆದಿದ್ದಲ್ಲಿ ಅವಧಿ ಉಳಿದಿದ್ದರೂ ಮರುಸತ್ಯಾಪನೆ ಅಗತ್ಯ.

ಆಟೋರಿಕ್ಷಾ ಪ್ರಯಾಣ ದರ

ದರವನ್ನು ಜಿಲ್ಲಾ ಸಾರಿಗೆ ಪ್ರಾಧಿಕಾರವು ನಿಗದಿಪಡಿಸುತ್ತದೆ. ಮೀಟರನ್ನು ಕಾನೂನು ಮಾಪನಶಾಸ್ತ್ರ ಇಲಾಖೆ ಸತ್ಯಾಪಿಸುತ್ತದೆ. ಬೆಂಗಳೂರಿನಲ್ಲಿ ದಿನಾಂಕ 1-8-2025 ರಿಂದ ಜಾರಿಗೆ ಬಂದ ದರ ಈ ಕೆಳಕಂಡಂತಿದೆ:

1. ಮೊದಲ 2 ಕಿ.ಮೀ.ಗೆ ಕನಿಷ್ಠ ದರ 36 ರೂ.; ನಂತರದ ಪ್ರತಿ ಕಿ.ಮೀ.ಗೆ 18 ರೂ.
2. ಕಾಯುವಿಕೆ ಮೊದಲ 5 ನಿಮಿಷ ಉಚಿತ; ನಂತರ ಪ್ರತಿ 15 ನಿಮಿಷಕ್ಕೆ 10 ರೂ.
3. ಲಗೇಜು 20 ಕಿಲೋವರೆಗೆ ಉಚಿತ.
4. ರಾತ್ರಿ 10 ರಿಂದ ಬೆಳಿಗ್ಗೆ 5 ಗಂಟೆಯವರೆಗೆ ಒಂದೂವರೆ ಪಟ್ಟು.

ಇದರಂತೆ 8 ಕಿ.ಮೀ. ಪ್ರಯಾಣಕ್ಕೆ ಹಗಲಿನಲ್ಲಿ 36 + (6 x 18) = 144 ರೂ., ರಾತ್ರಿಯಲ್ಲಿ 216 ರೂ. ಆಗುತ್ತದೆ. 2021ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದಿದ್ದ ಹಿಂದಿನ ದರದಲ್ಲಿ (30 ರೂ. ಮತ್ತು 15 ರೂ.) ಇದೇ ದೂರಕ್ಕೆ ಹಗಲಿನಲ್ಲಿ 120 ರೂ. ಆಗುತ್ತಿತ್ತು. ಮೀಟರನ್ನು ಹೊಸ ದರಕ್ಕೆ ಹೊಂದಿಸಿಕೊಳ್ಳದ ಚಾಲಕರಿಗೆ ಪ್ರತಿ ಪ್ರಯಾಣದಲ್ಲಿಯೂ ವಾದ-ವಿವಾದವೇ ಗತಿ. ಸತ್ಯಾಪನೆಯು ಪ್ರಯಾಣಿಕರಷ್ಟೇ ಚಾಲಕರ ದುಡಿಮೆಗೂ ರಕ್ಷಣೆಯಾಗಿದೆ.

ಗ್ರಾಹಕರು ಗಮನಿಸಬೇಕಾದ ಅಂಶಗಳು

1. ತೂಗುವ ಮುನ್ನ ತಕ್ಕಡಿ ಸೊನ್ನೆ ತೋರಿಸುತ್ತಿದೆಯೇ, ಸತ್ಯಾಪನಾ ಪ್ರಮಾಣಪತ್ರವನ್ನು ಅಂಗಡಿಯಲ್ಲಿ ಪ್ರದರ್ಶಿಸಲಾಗಿದೆಯೇ ನೋಡಿ. ಮುದ್ರೆಯಲ್ಲಿ ವರ್ಷ ಹಾಗೂ ತ್ರೈಮಾಸಿಕವನ್ನು ಸೂಚಿಸುವ ಎ, ಬಿ, ಸಿ ಅಥವಾ ಡಿ ಅಕ್ಷರವಿರುತ್ತದೆ.
2. ಸಿಹಿ ತಿಂಡಿಯೊಂದಿಗೆ ರಟ್ಟಿನ ಡಬ್ಬಿಯನ್ನು ಸೇರಿಸಿ ತೂಗುವಂತಿಲ್ಲ. ಕಿಲೋಗೆ 600 ರೂ. ಬೆಲೆಯ ತಿಂಡಿಯ ಜೊತೆ 80 ಗ್ರಾಂ ಡಬ್ಬಿ ತೂಗಿದರೆ, ಬರಿಯ ರಟ್ಟಿಗೆ 48 ರೂ. ತೆತ್ತಂತೆ.
3. ಪೆಟ್ರೋಲ್ ಬಂಕ್‌ನಲ್ಲಿ ಅನುಮಾನವಿದ್ದಲ್ಲಿ 5 ಲೀಟರ್ ಅಳತೆಪಾತ್ರೆಯಲ್ಲಿ ಪರೀಕ್ಷಿಸಿ ತೋರಿಸುವಂತೆ ಕೇಳಬಹುದು. 25 ಮಿ.ಲೀ.ಗಿಂತ ಹೆಚ್ಚಿನ ವ್ಯತ್ಯಾಸ ಸಲ್ಲದು.
4. ಗೃಹಬಳಕೆಯ ಅನಿಲ ಸಿಲಿಂಡರಿನಲ್ಲಿ ನಿವ್ವಳ 14.2 ಕಿಲೋ ಅನಿಲವಿರಬೇಕು. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ನಮೂದಾಗಿರುತ್ತದೆ.
5. ಪೊಟ್ಟಣದ ಮೇಲಿನ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿವೆ. ಅದಕ್ಕಿಂತ ಹೆಚ್ಚು ಪಡೆಯುವಂತಿಲ್ಲ.

ದೂರು ಮತ್ತು ಅರ್ಜಿ

ವರ್ತಕರು ಮತ್ತು ವಾಹನ ಮಾಲೀಕರು ಅವಧಿ ಮುಗಿಯುವ ಮುನ್ನವೇ ತಮ್ಮ ವ್ಯಾಪ್ತಿಯ ನಿರೀಕ್ಷಕರಿಗೆ ಅರ್ಜಿ ಸಲ್ಲಿಸಿ, ನಿಗದಿತ ಶುಲ್ಕ ಪಾವತಿಸಿ, ರಸೀದಿ ಹಾಗೂ ಪ್ರಮಾಣಪತ್ರವನ್ನು ತಪ್ಪದೇ ಪಡೆಯತಕ್ಕದ್ದು. ಗ್ರಾಹಕರು ಬಿಲ್ಲು, ಅಂಗಡಿಯ ವಿಳಾಸ ಅಥವಾ ವಾಹನದ ನೋಂದಣಿ ಸಂಖ್ಯೆ, ದಿನಾಂಕ ಮತ್ತು ವೇಳೆಯೊಂದಿಗೆ ದೂರು ನೀಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915. ಅಳತೆಯನ್ನು ಪರಿಶೀಲಿಸುವುದು ವರ್ತಕರ ಮೇಲಿನ ಅಪನಂಬಿಕೆಯಲ್ಲ, ಗ್ರಾಹಕರ ಹಕ್ಕು. ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.