ನಡುಗಡ್ಡೆಯನ್ನು ನೋಡುವ ಬಗೆ

ಕಾವೇರಿಯು ನಮ್ಮ ಸೀಮೆಯಲ್ಲಿ ಎರಡು ಕಡೆ ದೊಡ್ಡದಾಗಿ ಕವಲೊಡೆದು ಹರಿದು ಮತ್ತೆ ಕೂಡಿಕೊಳ್ಳುತ್ತಾಳೆ. ಮೊದಲನೆಯ ಕವಲಿನ ನಡುವೆ ಶ್ರೀರಂಗಪಟ್ಟಣ, ಎರಡನೆಯದರ ನಡುವೆ ಶಿವನಸಮುದ್ರ. ಮೂರನೆಯದಾದ ಶ್ರೀರಂಗವು ತಮಿಳುನಾಡಿಗೆ ಸೇರಿದ್ದು. ಆದಿರಂಗ, ಮಧ್ಯರಂಗ, ಅಂತ್ಯರಂಗ ಎಂದು ಭಕ್ತರು ಮೂರನ್ನೂ ಒಂದೇ ಸೂತ್ರದಲ್ಲಿ ಪೋಣಿಸಿದ್ದಾರೆ. ಇವಲ್ಲದೆ ಹೊಳೆಯ ಉದ್ದಕ್ಕೂ ಚಿಕ್ಕಚಿಕ್ಕ ತಿಟ್ಟುಗಳಿವೆ; ಕರಾವಳಿಯವರು ಕುದ್ರು ಎನ್ನುವುದಕ್ಕೆ ಈ ಕಡೆಯವರು ತಿಟ್ಟು ಎನ್ನುತ್ತಾರೆ. ಇವನ್ನೆಲ್ಲ ಗೈಡಿನ ಹಿಂದೆ ನಡೆದು ನೋಡಬೇಕೆ, ಕಾಲು ಕೊಂಡೊಯ್ದಲ್ಲಿ ತಿರುಗಿ ನೋಡಬೇಕೆ ಎಂಬ ಪ್ರಶ್ನೆ ಪ್ರತಿವರ್ಷವೂ ಕಾಲೇಜಿನ ಪ್ರವಾಸದ ಕಾಲಕ್ಕೆ ತಲೆಯೆತ್ತುತ್ತದೆ. ವಿದ್ಯಾರ್ಥಿಗಳಿಗೆ ಎರಡನೆಯದು ಇಷ್ಟ, ತಂದೆತಾಯಿಗಳಿಗೆ ಮೊದಲನೆಯದು. ಅಧ್ಯಾಪಕನು ನಡುವೆ ಸಿಕ್ಕವನು.

ಶ್ರೀರಂಗಪಟ್ಟಣದ ಮಟ್ಟಿಗೆ ನಾನು ವಿದ್ಯಾರ್ಥಿಗಳ ಪಕ್ಷ. ಬೆಂಗಳೂರಿನಿಂದ ಬೆಳಗ್ಗೆ ಹೊರಟ ಪ್ರವಾಸದ ಬಸ್ಸು ಮೈಸೂರಿಗೆ ಹೋಗುವ ಅವಸರದಲ್ಲಿ ಇಲ್ಲಿ ನಿಲ್ಲುತ್ತದೆ. ದರಿಯಾ ದೌಲತ್ತು, ಗುಂಬಜು, ರಂಗನಾಥನ ಗುಡಿ, ಬೇಲಿಯ ಸೆರೆಮನೆ, ಟಿಪ್ಪು ಬಿದ್ದ ಸ್ಥಳ, ಸಂಗಮ — ಇಷ್ಟನ್ನೂ ಗೈಡು ಒಂದೇ ಉಸಿರಿನಲ್ಲಿ ಮುಗಿಸುತ್ತಾನೆ. ಅವನನ್ನು ಹಳಿಯುವುದು ನ್ಯಾಯವಲ್ಲ. ಬಸ್ಸಿನವನು ಕೊಟ್ಟ ಹೊತ್ತಿನಲ್ಲಿ ಅದಕ್ಕಿಂತ ಹೆಚ್ಚನ್ನು ಯಾರೂ ಹೇಳಲಾರರು. ಆದರೆ ಇದು ದ್ವೀಪ ಎಂಬ ಅರಿವು ಆ ಯಾತ್ರಿಕರಿಗೆ ಆಗುವುದೇ ಇಲ್ಲ. ಸೇತುವೆ ದಾಟಿದ್ದು ನಿದ್ದೆಯಲ್ಲಿ, ಮರಳಿದ್ದು ಹರಟೆಯಲ್ಲಿ.

ಬೇಸಗೆಯ ಒಂದು ಮಧ್ಯಾಹ್ನ ಕೋಟೆಯ ವಾಯವ್ಯ ಮೂಲೆಯ ಬಳಿ ಒಬ್ಬರೇ ನಿಂತು ಹೊಳೆಯನ್ನು ನೋಡಬೇಕು. ನೀರು ಇಳಿದು ಬಂಡೆಗಳು ಬೆನ್ನು ತೋರಿಸುತ್ತಿರುತ್ತವೆ. 1799ರ ಮೇ 4ರಂದು ಆಂಗ್ಲರ ಸೈನ್ಯ ಈ ಹೊಳೆಯನ್ನು ಕಾಲ್ನಡಿಗೆಯಲ್ಲಿ ಹಾಯ್ದು, ಫಿರಂಗಿಗಳು ಒಡೆದಿದ್ದ ಗೋಡೆಯನ್ನು ಹತ್ತಿತು. ಮಳೆಗಾಲ ಕಾಲಿಟ್ಟು ಹೊಳೆ ತುಂಬುವುದಕ್ಕೆ ಮುಂಚೆ ಕೆಲಸ ಮುಗಿಯಬೇಕೆಂಬುದು ಅವರ ಲೆಕ್ಕಾಚಾರವಾಗಿತ್ತು. ಅದಕ್ಕೆ ಎಂಟು ವರ್ಷ ಹಿಂದೆ, 1791ರಲ್ಲಿ, ಕಾರ್ನ್‌ವಾಲಿಸನು ಪಟ್ಟಣದ ಸಮೀಪದವರೆಗೂ ಬಂದು ಮಳೆಯಿಂದಲೂ ಆಹಾರದ ಅಭಾವದಿಂದಲೂ ಹಿಂದಿರುಗಬೇಕಾಗಿತ್ತು. ಕೋಟೆಗೆ ಕಾವೇರಿಯೇ ಕಂದಕ. ಆದರೆ ಆ ಕಂದಕ ವರ್ಷಕ್ಕೆ ಕೆಲವು ತಿಂಗಳು ಬತ್ತುವಂಥದು. ಹಲವು ಪುಸ್ತಕಗಳನ್ನು ಓದಿದರೂ ಮನಸ್ಸಿಗೆ ನಾಟದ ಈ ಸಂಗತಿ ಅಲ್ಲಿ ನಿಂತವನಿಗೆ ಕ್ಷಣಮಾತ್ರದಲ್ಲಿ ಹೊಳೆಯುತ್ತದೆ. ಪಕ್ಕದಲ್ಲಿ ಯಾರಾದರೂ ಮಾತನಾಡುತ್ತಿದ್ದರೆ ಹೊಳೆಯುವುದೋ ಇಲ್ಲವೋ.

ರಂಗನತಿಟ್ಟಿನಲ್ಲಿ ಈ ಚರ್ಚೆಗೆ ಎಡೆಯೇ ಇಲ್ಲ. ಹದಿನೇಳನೆಯ ಶತಮಾನದಲ್ಲಿ ಹೊಳೆಗೆ ಅಡ್ಡಲಾಗಿ ಕಟ್ಟೆ ಕಟ್ಟಿದ್ದರಿಂದ ಉಂಟಾದ ತಿಟ್ಟುಗಳು ಇವು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದವು. 2022ರಲ್ಲಿ ರಾಮ್‌ಸಾರ್ ಪಟ್ಟಿಗೂ ಸೇರಿದವು. ಅರಣ್ಯ ಇಲಾಖೆಯ ದೋಣಿಯಲ್ಲಿ ಕುಳಿತು ನೋಡಬೇಕೇ ಹೊರತು ತಿಟ್ಟಿನ ಮೇಲೆ ಕಾಲಿಡುವಂತಿಲ್ಲ. ಕಾಲಿಡಬೇಕೆಂದು ಆಸೆಪಡುವವರಿಗೆ ಬಂಡೆಯ ಮೇಲೆ ಬಾಯ್ದೆರೆದು ಮಲಗಿದ ಮೊಸಳೆಯೇ ಸಾಕಾದಷ್ಟು ಉತ್ತರ ಹೇಳುತ್ತದೆ. ಸ್ವಂತವಾಗಿ ಹಕ್ಕಿ ನೋಡಬೇಕೆನ್ನುವವರು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಬಹುದು. ಅಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಹುಣಿಸೆಮರಗಳಲ್ಲೇ ಗೂಡು ಕಟ್ಟುತ್ತವೆ, ಜಗುಲಿಯ ಮೇಲೆ ಕುಳಿತವರೆಲ್ಲರೂ ಗೈಡುಗಳೇ.

ನಿಜವಾದ ಕಷ್ಟ ಶಿವನಸಮುದ್ರದ್ದು. ಮಳವಳ್ಳಿಯ ಕಡೆಯಿಂದ ಬಂದವರು ಗಗನಚುಕ್ಕಿಯನ್ನು ಇದಿರು ದಡದಿಂದ ನೋಡಿ, 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿಸಿದ ಕೇಂದ್ರ ಇಲ್ಲಿಯದೇ ಎಂದು ಕೇಳಿ ತಲೆದೂಗಿ ಹೊರಟುಬಿಡುತ್ತಾರೆ. ದ್ವೀಪಕ್ಕೆ ಹೋಗಬೇಕಾದರೆ ಸೇತುವೆ ದಾಟಬೇಕು. ಕಲ್ಲುಕಂಬಗಳ ಮೇಲೆ ನಿಂತ ಹಳೆಯ ಸೇತುವೆಯೂ ಅಲ್ಲಿದೆ. ಸುಮಾರು ಎರಡು ಶತಮಾನ ಹೊಳೆಗೆ ಎದೆಗೊಟ್ಟ ಅದರ ಒಂದು ಭಾಗ 2018ರ ಆಗಸ್ಟಿನ ಪ್ರವಾಹದಲ್ಲಿ ಕೊಚ್ಚಿಹೋಯಿತು. ಒಳಗೆ ಮಧ್ಯರಂಗನ ಗುಡಿ, ಸೋಮೇಶ್ವರನ ಗುಡಿ, ಜಲಪಾತದ ನೆತ್ತಿಯ ಬಳಿ ಒಂದು ದರ್ಗಾ. ನಡೆದು ಸುತ್ತುವುದಕ್ಕೆ ಇದಕ್ಕಿಂತ ಸೊಗಸಾದ ಸ್ಥಳ ಜಿಲ್ಲೆಯಲ್ಲಿಲ್ಲ. ಆದರೆ ಬಂಡೆ ಜಾರಿ, ಸುಳಿಗೆ ಸಿಕ್ಕಿ ಪ್ರಾಣ ಬಿಟ್ಟವರೂ ಇಲ್ಲಿ ಕಡಿಮೆಯಲ್ಲ. ಅವರಲ್ಲಿ ಹರೆಯದವರೇ ಬಹಳ.

ಈಗಿನ ಹುಡುಗರು ಸ್ವಂತವಾಗಿ ಹೋಗುತ್ತೇವೆನ್ನುವಾಗ ಕೈಯಲ್ಲಿ ಫೋನಿನ ನಕ್ಷೆ ಇದ್ದೇ ಇರುತ್ತದೆ. ಅದೂ ಒಬ್ಬ ಗೈಡೇ ಅಲ್ಲವೇ? ಬಹುಮಾನ ಬೇಡದ ಗೈಡು, ಅಷ್ಟೆ. ಅದಕ್ಕೆ ದಾರಿ ಗೊತ್ತು, ನೀರು ಗೊತ್ತಿಲ್ಲ. ಕೊಡಗಿನಲ್ಲಿ ಸುರಿದ ಮಳೆ ಕನ್ನಂಬಾಡಿಯ ಮೂಲಕವೂ, ವಯನಾಡಿನಲ್ಲಿ ಸುರಿದದ್ದು ಕಬಿನಿಯ ಮೂಲಕವೂ ಇಲ್ಲಿಗೆ ಬರುತ್ತದೆ. ತಲೆಯ ಮೇಲೆ ಬಿಸಿಲು ಕಾಯುತ್ತಿರುವಾಗಲೇ ಹೊಳೆ ಏರಬಹುದು.

ಒಂದು ವರ್ಷ ನಮ್ಮ ವಿದ್ಯಾರ್ಥಿಗಳು ದಡದಲ್ಲಿ ನಿಂತು, ಮೊಣಕಾಲುದ್ದದ ನೀರಿನಾಚೆಗೆ ಕಾಣುವ ಪುಟ್ಟ ತಿಟ್ಟೊಂದಕ್ಕೆ ಹೋಗಿಬರುವುದಾಗಿ ಹಟ ಹಿಡಿದರು. ನಾನು ಬೇಡವೆಂದರೆ ಅದು ಮೇಷ್ಟರ ಅಂಜಿಕೆ ಎನಿಸಿಕೊಳ್ಳುತ್ತಿತ್ತು. ಸಮೀಪದಲ್ಲಿ ಹರಿಗೋಲನ್ನು ಬೋರಲು ಹಾಕಿ ಟಾರು ಬಳಿಯುತ್ತಿದ್ದ ಮುದುಕನೊಬ್ಬ ತಲೆಯೆತ್ತದೆಯೇ ಹೇಳಿದ: “ವಸಿ ತಡೀರಪ್ಪ. ಆ ಬಂಡೆ ಹೊತ್ತಾರೆ ಒಣಗಿತ್ತು. ಈಗ ನೋಡಿ, ಅರ್ಧ ನೆಂದದೆ. ಮ್ಯಾಲೆ ನೀರು ಬುಟ್ಟವ್ರೆ.”

ಹುಡುಗರು ಸುಮ್ಮನೆ ಕುಳಿತರು. ಆಮೇಲೆ ಪ್ರಶ್ನೆ ಕೇಳತೊಡಗಿದರು: ಯಾವ ಬಂಡೆ ಮುಳುಗಿದರೆ ಹರಿಗೋಲು ನಿಲ್ಲಿಸುತ್ತೀರಿ, ನೀರಿನ ಬಣ್ಣ ಎಷ್ಟು ಹೊತ್ತಿಗೆ ಮುಂಚೆ ಬದಲಾಗುತ್ತದೆ, ಮೀನು ಯಾವ ಕಡೆಗೆ ಸರಿಯುತ್ತದೆ. ಮುದುಕ ಟಾರು ಬಳಿಯುತ್ತಲೇ ಒಂದೊಂದಕ್ಕೂ ಉತ್ತರ ಕೊಟ್ಟ. ಆ ಬಂಡೆಗಳಿಗೆ ಅವನಲ್ಲಿ ಹೆಸರುಗಳಿದ್ದವು. ಹುಡುಗಿಯೊಬ್ಬಳು ನೋಟುಪುಸ್ತಕದಲ್ಲಿ ಬರೆದುಕೊಂಡಳು. ಗುಡಿಗಳನ್ನು ತೋರಿಸುವಿರಾ ಎಂದು ಕೇಳಿದ್ದಕ್ಕೆ, ಗುಡಿ ಎಲ್ಲಿಗೂ ಹೋಗುವುದಿಲ್ಲ, ನೀವೇ ನೋಡಿಕೊಳ್ಳಿ ಎಂದುಬಿಟ್ಟ.

ಮಧ್ಯಾಹ್ನದ ಹೊತ್ತಿಗೆ ಆ ಬಂಡೆ ಪೂರ್ತಿ ಮುಳುಗಿತು. ನಾವು ಸೇತುವೆಯ ಮೇಲೆಯೇ ಹೋಗಿ ಮಧ್ಯರಂಗನನ್ನು ನೋಡಿಕೊಂಡು, ಸಂಜೆ ಮಳವಳ್ಳಿಯ ಬಸ್ಸು ಹಿಡಿದೆವು.