ಸ್ಟಾರ್ಟಪ್ ಸಮ್ಮೇಳನದಿಂದ ಅಜ್ಜನ ಅಂಗಡಿಯವರೆಗೆ

ಕುವೈತ್‌ನಲ್ಲಿ ಬೆಳೆಯುವ ನಮ್ಮ ಮಕ್ಕಳ ಕಣ್ಣಲ್ಲಿ 'ಕೆಲಸ' ಎಂದರೆ ಏನು? ಅಪ್ಪ ಅಮ್ಮನ ಆಫೀಸು, ತಿಂಗಳ ಕೊನೆಗೆ ಸಂಬಳ, ಆಗಾಗ ಇಕಾಮಾ ನವೀಕರಣದ ತಲೆಬಿಸಿ. ಕೆಲಸವನ್ನು ಹುಡುಕುವುದಷ್ಟೇ ಅಲ್ಲ, ಹುಟ್ಟಿಸಲೂಬಹುದು ಎಂಬುದನ್ನು ಅವರು ಹತ್ತಿರದಿಂದ ನೋಡುವುದು ಕಡಿಮೆ. ಹಾಗಾಗಿ ಕಳೆದ ಚಳಿಗಾಲದಲ್ಲಿ ಕುವೈತ್ ಸಿಟಿಯ ಹೋಟೆಲೊಂದರಲ್ಲಿ ನವೋದ್ಯಮಿಗಳ ಸಮ್ಮೇಳನ ನಡೆದಾಗ, ಹದಿಮೂರು ವರ್ಷದ ಮಗಳನ್ನೂ ಕರೆದುಕೊಂಡು ಹೋದೆವು. "ಅಲ್ಲಿ ಮಕ್ಕಳಿಗೇನಿದೆ?" ಎಂದು ಗೆಳತಿಯರು ನಕ್ಕರು.

ಅಲ್ಲಿ ಮತ್ತೆ ಮತ್ತೆ ಕೇಳಿಬಂದ ಹೆಸರು ತಲಬಾತ್. ವಾರಕ್ಕೊಮ್ಮೆಯಾದರೂ ನಮ್ಮ ಬಾಗಿಲಿಗೆ ಬರುವ ಆ ಕಿತ್ತಳೆ ಬಣ್ಣದ ಚೀಲ ಕುವೈತ್‌ನದೇ ಕೂಸು ಎಂದು ಮಗಳಿಗೆ ಗೊತ್ತೇ ಇರಲಿಲ್ಲ. ಹೆಸರಿನ ಅರ್ಥ ಅರಬಿಯಲ್ಲಿ 'ಬೇಡಿಕೆಗಳು', ನಮ್ಮ ಬಾಯಲ್ಲಿ ಹೇಳುವುದಾದರೆ ಆರ್ಡರ್‌ಗಳು. 2004ರಲ್ಲಿ, ಸ್ಮಾರ್ಟ್‌ಫೋನ್ ಇನ್ನೂ ಮನೆಮಾತಾಗದ ಕಾಲದಲ್ಲಿ ಶುರುವಾದ ಈ ಸಂಸ್ಥೆಯನ್ನು 2015ರಲ್ಲಿ ಜರ್ಮನಿಯ ರಾಕೆಟ್ ಇಂಟರ್‌ನೆಟ್ ಸುಮಾರು 15 ಕೋಟಿ ಯೂರೋ ಕೊಟ್ಟು ಕೊಂಡುಕೊಂಡಿತು.

ಇಂಥ ಅಂಕಿಗಳು ಬಂದಾಗಲೆಲ್ಲ ಚಪ್ಪಾಳೆ. ನನಗೆ ಹಿಡಿಸಿದ್ದು ಮಾತ್ರ ಊಟಕ್ಕೆ ಮುಂಚೆ ಹತ್ತೇ ನಿಮಿಷ ಮಾತಾಡಿದ ಯುವತಿ. ಮನೆಯಲ್ಲೇ ಸಿಹಿತಿಂಡಿ ಮಾಡಿ ಕೆಫೆಗಳಿಗೆ ಕೊಡುತ್ತಿದ್ದಳಂತೆ. ಮಾರಾಟ ಚೆನ್ನಾಗಿಯೇ ಇತ್ತು, ದುಡ್ಡು ಮಾತ್ರ ಮೂರು ತಿಂಗಳು ತಡವಾಗಿ ಬರುತ್ತಿತ್ತು. ಹಿಟ್ಟು ಬೆಣ್ಣೆಗೆ ಹಣವಿಲ್ಲದೆ ಮೊದಲ ವ್ಯಾಪಾರ ಮುಚ್ಚಿತು. ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ, ಆದರೆ ಎಲ್ಲರೂ ಫೋನ್ ಕೆಳಗಿಟ್ಟು ಕೇಳಿದರು. "ಅಮ್ಮಾ, ಕ್ಯಾಶ್ ಫ್ಲೋ ಅಂದ್ರೆ ಏನು?" ಎಂದು ಮಗಳು ಪಿಸುಗುಟ್ಟಿದಳು. "ರಾಣೆಬೆನ್ನೂರಿಗೆ ಫೋನ್ ಮಾಡಿ ಅಜ್ಜನ್ನ ಕೇಳು" ಎಂದೆ.

ನಮ್ಮಪ್ಪ ಅಲ್ಲಿ ಮೂವತ್ತು ವರ್ಷ ಕಿರಾಣಿ ಅಂಗಡಿ ನಡೆಸಿದವರು. ಮೊಮ್ಮಗಳ ಜೊತೆ ಅವರ ಮಾತು ಸಾಮಾನ್ಯವಾಗಿ "ಊಟ ಆತೇನವ್ವಾ?", "ಆಯ್ತಜ್ಜಾ", "ಸಾಲಿ ಹ್ಯಾಂಗೈತಿ?", "ಚೆನ್ನಾಗಿದೆ" ಇಷ್ಟರಲ್ಲೇ ಮುಗಿಯುತ್ತದೆ. ಪ್ರೀತಿ ಇಲ್ಲದೆ ಅಲ್ಲ, ಮಾತಿಗೆ ವಿಷಯವಿಲ್ಲದೆ. ವಿದೇಶದ ಕನ್ನಡ ಮನೆಗಳಲ್ಲಿ ಭಾಷೆ ಸೊರಗುವುದು ಬಹುಪಾಲು ಹೀಗೆಯೇ ಎಂದು ನನ್ನ ಅಭಿಪ್ರಾಯ. ಊಟ, ನಿದ್ದೆ, ಬೈಗುಳಕ್ಕೆ ಕನ್ನಡ. ಯೋಚಿಸುವ ಸಂಗತಿಗಳಿಗೆಲ್ಲ ಇಂಗ್ಲಿಷ್. ಅಂದು ಮಾತ್ರ ಫೋನ್ ನಲವತ್ತು ನಿಮಿಷ ನಡೆಯಿತು. "ಉದ್ರಿ ಕೊಟ್ರೂ ಗಿರಾಕಿ ಹೋಗ್ತಾನ, ಕೊಡದಿದ್ರೂ ಹೋಗ್ತಾನವ್ವಾ. ಯಾರಿಗೆ ಕೊಡಬೇಕು ಅನ್ನೋದ ವ್ಯಾಪಾರ" ಎಂದು ಅಜ್ಜ ಹೇಳಿದ್ದನ್ನು ಅವಳು ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡಳು. ಬೋಣಿ ಎಂದರೆ ದಿನದ ಮೊದಲ ಮಾರಾಟ, ಬಂಡವಾಳ ಎಂದರೆ ಹೂಡಿದ ಹಣ ಎಂದು ಕಲಿತಳು. 'ನಿನ್ನ ಬಂಡವಾಳ ಗೊತ್ತು' ಎಂದರೆ ಯಾಕೆ ಬೈಗುಳ ಎಂದು ಕೇಳಿ ಅಜ್ಜನನ್ನು ಐದು ನಿಮಿಷ ನಗಿಸಿದಳು.

ಕುವೈತ್‌ನ ಮಕ್ಕಳಿಗೆ ಇಲ್ಲಿ ಇನ್ನೊಂದು ಲಾಭವಿದೆ. ಶಾಲೆಯಲ್ಲಿ ಅರಬಿ ಓದುವ ನಿಮ್ಮ ಮಗುವಿಗೆ ನಗದು, ಬಾಕಿ, ವಸೂಲಿ, ಹಿಸ್ಸೆ, ಮಾಲು, ಕರಾರು, ದಲ್ಲಾಳಿ ಎಂಬ ಕನ್ನಡ ಪದಗಳನ್ನು ಕೊಟ್ಟು ನೋಡಿ. ಇವೆಲ್ಲ ಅರಬಿ ಮೂಲದವು. ಪಾರಸಿ, ದಖನಿ ಮಾತುಗಳ ದಾರಿ ಹಿಡಿದು ನಮ್ಮ ಸಂತೆಗೂ ಕಚೇರಿಗೂ ಬಂದವು. 'ಇದು ನಮ್ಮ ಅರಬಿ ಪುಸ್ತಕದಲ್ಲಿದೆ' ಎಂದು ಮಗು ತಾನೇ ಹಿಡಿದಾಗ ಆಗುವ ಖುಷಿ ನಾವು ಹೇಳಿಕೊಟ್ಟರೆ ಆಗದು. ಸಮುದ್ರದ ನಂಟೂ ಹಳೆಯದೇ. ಎಣ್ಣೆ ಸಿಗುವ ಮೊದಲು ಕುವೈತ್‌ನ ಹಾಯಿಹಡಗುಗಳು ಬಸ್ರಾದ ಖರ್ಜೂರ ಹೇರಿಕೊಂಡು ನಮ್ಮ ಪಶ್ಚಿಮ ಕರಾವಳಿಗೆ ಬಂದು ಮರ ಒಯ್ಯುತ್ತಿದ್ದವು. ನಾವಿಕರಿಗೆ ಸಂಬಳವಿಲ್ಲ, ಲಾಭದಲ್ಲಿ ಪಾಲು. 1961ರಲ್ಲಿ ದಿನಾರ್ ಬರುವವರೆಗೆ ಇಲ್ಲಿ ಓಡುತ್ತಿದ್ದುದು ರೂಪಾಯಿಯೇ.

ಸಮ್ಮೇಳನದಿಂದ ಮರಳುವಾಗ ಕಾರಿನಲ್ಲಿ ಬಂದ ಪ್ರಶ್ನೆ ಕಷ್ಟದ್ದಾಗಿತ್ತು: "ದೊಡ್ಡವಳಾದ ಮೇಲೆ ನಾನು ಇಲ್ಲೇ ಕಂಪನಿ ಶುರು ಮಾಡಬಹುದಾ?" ವೇದಿಕೆಯ ಮೇಲಿನವರು ಇದನ್ನು ಮುಟ್ಟಲಿಲ್ಲ, ಮನೆಯಲ್ಲಾದರೂ ಮುಚ್ಚುಮರೆ ಬೇಡ. ನಮ್ಮ ಮಕ್ಕಳಿರುವುದು ಕುಟುಂಬದವರಿಗೆಂದು ಕೊಡುವ 22ನೇ ವಿಧಿಯ ಇಕಾಮಾದಲ್ಲಿ. ಅದರ ಮೇಲೆ ದುಡಿಯುವಂತಿಲ್ಲ. ಕಂಪನಿಗೆ ಸಾಮಾನ್ಯವಾಗಿ 51 ಶೇಕಡಾ ಪಾಲಿನ ಕುವೈತಿ ಪಾಲುದಾರ ಬೇಕು. 2013ರ 116ನೇ ಕಾನೂನಿನಡಿ ಅನುಮತಿ ಸಿಕ್ಕರೆ ವಿದೇಶಿಯರು ಪೂರ್ತಿ ಮಾಲೀಕರಾಗಬಹುದು, ಆದರೆ ಅದು ದೊಡ್ಡ ಹೂಡಿಕೆದಾರರ ದಾರಿ. ಅದೇ ವರ್ಷ 200 ಕೋಟಿ ದಿನಾರ್ ಬಂಡವಾಳದೊಂದಿಗೆ ಸ್ಥಾಪಿಸಿದ ಸಣ್ಣ ಉದ್ದಿಮೆಗಳ ರಾಷ್ಟ್ರೀಯ ನಿಧಿ ಕುವೈತಿಗಳಿಗಾಗಿ. ಇಷ್ಟನ್ನೂ ಹೇಳಿದೆವು. "ಹಾಗಾದರೆ ಊರಲ್ಲಿ ಮಾಡ್ತೀನಿ" ಎಂದಳು, ಬಹಳ ಸಲೀಸಾಗಿ. ಊರಲ್ಲಿ ಮಾಡಲು ಊರಿನ ಭಾಷೆ ಬೇಕು ಎಂದು ನಾನು ಸೇರಿಸಲು ಹೊರಟೆ. ಪತಿ ಕಣ್ಣು ಸನ್ನೆ ಮಾಡಿದ್ದರಿಂದ ಸುಮ್ಮನಾದೆ.

ಉದ್ಯಮವೆಂದರೆ ಇಂಗ್ಲಿಷಿನ ಆಟ, ಕನ್ನಡಕ್ಕೆ ಅಲ್ಲಿ ಜಾಗವಿಲ್ಲ ಎನ್ನುವ ಪಾಲಕರಿಗೆ ಏರ್ ಡೆಕ್ಕನ್ ಕಟ್ಟಿದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ನೆನಪಿರಲಿ. ಹಳ್ಳಿಯ ಕನ್ನಡ ಶಾಲೆಯ ಹುಡುಗನಾಗಿದ್ದ ಅವರು ಸೈನಿಕ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಫೇಲಾದದ್ದು ಅದು ಇಂಗ್ಲಿಷಿನಲ್ಲಿ ಇದ್ದುದರಿಂದ. ಮುಂದೆ ಕನ್ನಡದಲ್ಲಿ ಬರೆಯಲು ಅವಕಾಶ ಸಿಕ್ಕಿತು, ಪಾಸಾದರು.

ಇಂಥ ಸಮ್ಮೇಳನಕ್ಕೆ ಮಕ್ಕಳನ್ನು ಒಯ್ಯುವುದಾದರೆ ಅರ್ಧ ದಿನ ಸಾಕು, ಮಧ್ಯಾಹ್ನದ ಹೂಡಿಕೆ ಚರ್ಚೆಗಳು ದೊಡ್ಡವರಿಗೇ ನಿದ್ದೆ ತರಿಸುತ್ತವೆ. ಮಳಿಗೆಗಳ ಬಳಿ ಹೆಚ್ಚು ಹೊತ್ತು ಬಿಡಿ, ಅಲ್ಲಿನ ಯುವಕರು ಮಕ್ಕಳ ಪ್ರಶ್ನೆಗೆ ತಾಳ್ಮೆಯಿಂದ ಉತ್ತರಿಸುತ್ತಾರೆ. ವಿದ್ಯಾರ್ಥಿಗಳಿಗೆ ಉದ್ಯಮ ಕಲಿಸುವ ಇಂಜಾಜ್ ಕುವೈತ್ ಸಂಸ್ಥೆ 2005ರಿಂದ ಇಲ್ಲಿದೆ. ನಿಮ್ಮ ಶಾಲೆ ಅದರ ಜೊತೆ ಸೇರಬಹುದೇ ಎಂದು ವಿಚಾರಿಸಿ.

ನಮ್ಮ ಮನೆಯಲ್ಲೀಗ ಗುರುವಾರ ರಾತ್ರಿ ಅಜ್ಜನ ಫೋನಿಗೆ ಮೀಸಲು. ಈ ವಾರದ ಪ್ರಶ್ನೆ: ಎದುರಿಗೆ ಇನ್ನೊಂದು ಕಿರಾಣಿ ಅಂಗಡಿ ತೆರೆದಾಗ ಅಜ್ಜ ಸಕ್ಕರೆಯ ಬೆಲೆ ಇಳಿಸಿದರೇ, ಇಲ್ಲವೇ?